ಮೊದಲ ಕೌದಿ ತೊಟ್ಟಿಲಿನಷ್ಟೇ ಇರಲಿ

ಹಳೆಯ ಸೀರೆಗಳನ್ನು ಏನು ಮಾಡಬಹುದು ಎಂಬ ಪ್ರಶ್ನೆಗೆ ಕಳೆದ ಸಂಚಿಕೆಯಲ್ಲಿ ಉತ್ತರಿಸುವಾಗ ಕೌದಿಯ, ಅಂದರೆ ಹಳೆಯ ಬಟ್ಟೆಗಳನ್ನು ಪದರಪದರವಾಗಿ ಕೂಡಿಸಿ ಹೊಲಿಯುವ ಹೊದಿಕೆಯ ಬಗ್ಗೆ ಎರಡೇ ಸಾಲು ಬರೆದಿದ್ದೆ. ಉಳಿದ ಸಲಹೆಗಳನ್ನೆಲ್ಲ ಬದಿಗಿಟ್ಟು ಆ ಎರಡು ಸಾಲುಗಳನ್ನೇ ಹಿಡಿದುಕೊಂಡು ಓದುಗರು ಪತ್ರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಕೌದಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಬ್ಯಾಂಕಿನ ಕೆಲಸದಿಂದ ನಿವೃತ್ತಳಾಗಿ ಒಂದು ವರ್ಷವಾಯಿತು. ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿಯುವುದನ್ನು ಕಲಿಯಬೇಕೆಂದು ವಿಡಿಯೊಗಳನ್ನು ನೋಡತೊಡಗಿದೆ. ಚಕ್ರದಂತೆ ಉರುಳುವ ಕತ್ತರಿ, ಅದಕ್ಕೊಂದು ಚಾಪೆ, ಪಾರದರ್ಶಕ ಅಳತೆಪಟ್ಟಿ, ‘ಬ್ಯಾಟಿಂಗ್’ ಎಂಬ ಒಳಪದರ, ವಿಶೇಷ ಯಂತ್ರ ಎಂದು ಪಟ್ಟಿ ಬೆಳೆಯುತ್ತಲೇ ಹೋಯಿತು. ಇವೆಲ್ಲ ಇಲ್ಲದೆ ಆರಂಭಿಸಲು ಸಾಧ್ಯವಿಲ್ಲವೇ? ಗುಂಡಿ ಹಾಕುವುದರ ಹೊರತು ನನಗೆ ಹೊಲಿಗೆ ಬಾರದು. — ಮೈಸೂರಿನ ಓದುಗರು

ಉತ್ತರ: ಖಂಡಿತ ಸಾಧ್ಯ. ನೀವು ನೋಡಿದ ವಿಡಿಯೊಗಳ ಪದ್ಧತಿಯೇ ಬೇರೆ. ಅಲ್ಲಿ ಹೊಸ ಬಟ್ಟೆಯನ್ನು ಒಂದೇ ಅಳತೆಯ ತುಂಡುಗಳಾಗಿ ಕತ್ತರಿಸಿ, ಕಾಲು ಇಂಚು ಅಂಚು ಬಿಟ್ಟು ಒಂದಕ್ಕೊಂದು ಜೋಡಿಸಿ, ಮೇಲ್ಪದರ ಸಿದ್ಧವಾದ ಬಳಿಕ ಒಳಪದರ ಮತ್ತು ಕೆಳಪದರಗಳೊಂದಿಗೆ ಸೇರಿಸಿ ಮತ್ತೊಮ್ಮೆ ಹೊಲಿಯುತ್ತಾರೆ. ಸಾಲಿಗೆ ಹನ್ನೆರಡು ತುಂಡುಗಳಿದ್ದು, ಪ್ರತಿ ಜೋಡಣೆಯಲ್ಲಿ ಇಂಚಿನ ಎಂಟನೆಯ ಒಂದು ಭಾಗ ಆಚೀಚೆಯಾದರೂ ಕೊನೆಗೆ ಒಂದು ಇಂಚಿಗಿಂತ ಹೆಚ್ಚು ವ್ಯತ್ಯಾಸ ಬರುವುದರಿಂದ ಅವರಿಗೆ ಆ ಕತ್ತರಿಯೂ ಅಳತೆಪಟ್ಟಿಯೂ ಬೇಕೇಬೇಕು. ಕೌದಿಯಲ್ಲಿ ತುಂಡುಗಳನ್ನು ಮೊದಲೇ ಒಂದಕ್ಕೊಂದು ಜೋಡಿಸುವ ಕ್ರಮವಿಲ್ಲ. ಹಾಸಿದ ಪದರಗಳ ಮೇಲೆ ತುಂಡನ್ನಿಟ್ಟು, ಅದರ ಅಂಚನ್ನು ಒಳಕ್ಕೆ ಮಡಚಿ, ಎಲ್ಲ ಪದರಗಳನ್ನೂ ಹಾಯುವಂತೆ ಸೂಜಿ ಓಡಿಸಿದರೆ ತೇಪೆ ಹಚ್ಚುವುದೂ ಪದರಗಳನ್ನು ಬಂಧಿಸುವುದೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತದೆ. ಒಂದು ತುಂಡು ಅರ್ಧ ಇಂಚು ಚಿಕ್ಕದಾಯಿತೆನ್ನಿ, ಪಕ್ಕದ ತುಂಡು ಅದರ ಮೇಲೆ ಸ್ವಲ್ಪ ಹೆಚ್ಚು ಏರುತ್ತದೆ, ಅಷ್ಟೇ. ಗುಂಡಿ ಹಾಕಲು ಬರುವ ಕೈಗೆ ಇಷ್ಟು ಸಾಕು.

‘ಬ್ಯಾಟಿಂಗ್’ ಕೂಡ ಬೇಡ. ಕೌದಿಯ ಒಳಗೆ ಇರುವುದು ಮತ್ತಷ್ಟು ಹಳೆಯ ಬಟ್ಟೆ. ಹತ್ತಿಯನ್ನು ಹಿಂಜಿ ತುಂಬಿಸುವ ಗಾದಿ, ರಜಾಯಿಗಳ ವಿದ್ಯೆ ಬೇರೆ. ಅದು ಪಿಂಜಾರರ ಕಸುಬು. ಒತ್ತಾಗಿ ಹೊಲಿಯದಿದ್ದರೆ ಅರಳೆ ಒಳಗೇ ಸರಿದು ಗಂಟುಗಟ್ಟುತ್ತದೆ, ಕಲಿಯುವವರಿಗೆ ಅದು ಹೇಳಿಸಿದ್ದಲ್ಲ.

ನನ್ನ ಒತ್ತಾಯ ಒಂದೇ: ಮೊದಲ ಕೌದಿ ತೊಟ್ಟಿಲ ಕೌದಿಯಾಗಿರಲಿ. ಅಗಲ 30 ಇಂಚು, ಉದ್ದ 36 ಇಂಚು. ಮನೆಯಲ್ಲಿ ಕೂಸಿಲ್ಲದಿದ್ದರೆ ಕಾಲ ಮೇಲೆ ಹೊದೆಯಲು ಬರುತ್ತದೆ, ಕುರ್ಚಿಯ ಮೇಲೆ ಹಾಸಲು ಬರುತ್ತದೆ. ಗಾತ್ರದ ಬಗ್ಗೆ ಇಷ್ಟು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಒಂದು ಇಂಚಿಗೊಂದು ಸಾಲಿನಂತೆ ಹೊಲಿದರೂ ಈ ಅಳತೆಯ ಕೌದಿಗೆ 36 ಇಂಚು ಉದ್ದದ 30 ಸಾಲುಗಳು, ಅಂದರೆ ಸುಮಾರು 27 ಮೀಟರು ಹೊಲಿಗೆ ಬೇಕು. 5 ಅಡಿ ಅಗಲ, 7 ಅಡಿ ಉದ್ದದ ಕೌದಿಗೆ ಅದೇ ಲೆಕ್ಕದಲ್ಲಿ 60 ಸಾಲುಗಳು, ಸುಮಾರು 128 ಮೀಟರು. ಪಳಗಿದವರಂತೆ ಅರ್ಧ ಇಂಚಿಗೊಂದು ಸಾಲು ಹಾಕಹೊರಟರೆ ಅದೂ ಇಮ್ಮಡಿಯಾಗುತ್ತದೆ. ದೊಡ್ಡದನ್ನೇ ಹಿಡಿದು ಮೂರನೆಯ ವಾರಕ್ಕೆ ಅಟ್ಟಕ್ಕೆ ಸೇರಿಸಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆ ಸಾಲಿನಲ್ಲಿ ಮೊದಲನೆಯವಳು ನಾನೇ.

ಬಟ್ಟೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಐದೂವರೆ ಮೀಟರಿನ ಒಂದು ಹಳೆಯ ಹತ್ತಿ ಸೀರೆ ಸುಮಾರು 216 ಇಂಚು ಉದ್ದ, 45 ಇಂಚು ಅಗಲ ಇರುತ್ತದೆ. ಅದರಿಂದ 40 ಇಂಚಿನ ನಾಲ್ಕು ತುಂಡುಗಳನ್ನು ತೆಗೆದು, ಪ್ರತಿಯೊಂದನ್ನೂ 34 ಇಂಚು ಅಗಲಕ್ಕೆ ಇಳಿಸಿ. ಸುತ್ತಲೂ ಎರಡು ಇಂಚು ಮಡಿಕೆಗೆ ಬಿಟ್ಟ ಹಾಗಾಯಿತು. ಒಂದು ತುಂಡು ಕೆಳಗೆ, ಎರಡು ನಡುವೆ, ಒಂದು ಮೇಲೆ. ಸೆರಗಿನ ಕಡೆಯ 56 ಇಂಚು ಮತ್ತು ಅಗಲದಲ್ಲಿ ಕತ್ತರಿಸಿದ ಪಟ್ಟಿಗಳು ತೇಪೆಗೆ ಒದಗುತ್ತವೆ. ಜೊತೆಗೆ ಹಳೆಯ ಅಂಗಿ, ಲಂಗ, ದಿಂಬಿನ ಚೀಲಗಳಿಂದ ನಾಲ್ಕಾರು ಬಣ್ಣ ಸೇರಿಸಿಕೊಳ್ಳಿ. ಹಳೆಯ ಬಟ್ಟೆ ಕುಗ್ಗುವಷ್ಟೂ ಆಗಲೇ ಕುಗ್ಗಿ, ಬಿಡುವ ಬಣ್ಣವನ್ನೂ ಬಿಟ್ಟಾಗಿರುತ್ತದೆ. ಹೊಸ ಬಟ್ಟೆಯ ಒಂದು ತುಂಡನ್ನು ನಡುವೆ ತೂರಿಸಿದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಸುತ್ತಲ ಬಟ್ಟೆಯನ್ನು ಜಗ್ಗುತ್ತದೆ. ಹಾಕಲೇಬೇಕೆಂದಿದ್ದರೆ ಎರಡು ಸಲ ಒಗೆದು, ಒದ್ದೆಯಿರುವಾಗ ಬಿಳಿ ಬಟ್ಟೆಯಿಂದ ಉಜ್ಜಿ, ಬಣ್ಣ ಹತ್ತುತ್ತದೆಯೇ ನೋಡಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬಟ್ಟೆಗೆ ಬಣ್ಣ ಹಾಕುವಾಗ ಅದು ಎಳೆಯೊಳಗೆ ಇಳಿಯಲು ಉಪ್ಪು ನೆರವಾಗುತ್ತದೆಯೇ ಹೊರತು, ಒಮ್ಮೆ ಬಣ್ಣ ಹಾಕಿದ ಬಟ್ಟೆ ಬಣ್ಣ ಬಿಡುವುದನ್ನು ಅದು ತಡೆಯಲಾರದು.

ಸೂಜಿ ಸುಮಾರು ಎರಡು ಇಂಚಿನದಿರಲಿ, ಕಣ್ಣು ದೊಡ್ಡದಿರಲಿ. ಗೋಣಿಚೀಲ ಹೊಲಿಯುವ ದಬ್ಬಣ ಬೇಡ, ಅದು ಬಟ್ಟೆಯಲ್ಲಿ ತೂತು ಉಳಿಸುತ್ತದೆ. ದಾರ ಹತ್ತಿಯದೇ ಆಗಬೇಕು. ಪಾಲಿಯೆಸ್ಟರ್ ದಾರ ಸವೆದ ಬಟ್ಟೆಗಿಂತ ಗಟ್ಟಿಯಾಗಿದ್ದು, ವರ್ಷ ಕಳೆದಂತೆ ಬಟ್ಟೆಯನ್ನೇ ಕೊಯ್ಯಬಹುದು. ಒಂದೂವರೆ ಮೊಳಕ್ಕಿಂತ ಉದ್ದನೆಯ ದಾರ ಪೋಣಿಸಬೇಡಿ. ಬಲಗೈಯ ನಡುಬೆರಳಿಗೆ ದರ್ಜಿಗಳು ಹಾಕುವ ಅಂಗುಸ್ತಾನ ಹಾಕಿಕೊಳ್ಳಿ. ಅದಿಲ್ಲದೆ ನಾಲ್ಕು ಪದರ ಚುಚ್ಚಿದ ಬೆರಳು ಮರುದಿನ ಸೌಟು ಹಿಡಿಯಲೂ ಒಪ್ಪುವುದಿಲ್ಲ.

ಪ್ರಶ್ನೆ: ನನಗೆ 29 ವರ್ಷ, ಕಂಪ್ಯೂಟರ್ ಕೆಲಸ. ಕಳೆದ ವರ್ಷ ತೀರಿಕೊಂಡ ನಮ್ಮಜ್ಜಿಯ ಎಂಟು ಸೀರೆಗಳು ಟ್ರಂಕಿನಲ್ಲಿವೆ. ಅವುಗಳಿಂದ ಕೌದಿ ಹೊಲಿಯುವ ಆಸೆ. ಆದರೆ ಕತ್ತರಿ ಹಿಡಿದರೆ ಕೈ ನಡುಗುತ್ತದೆ, ಅಮ್ಮನೂ ಬೇಡ ಎನ್ನುತ್ತಾರೆ. ಗಂಡಸರು ಇದನ್ನೆಲ್ಲ ಮಾಡುತ್ತಾರೆಯೇ ಎಂದು ಜೊತೆಯವರ ನಗೆ ಬೇರೆ. ಇರುವುದು ಒಂದೇ ಕೋಣೆಯ ಮನೆ. — ಬೆಂಗಳೂರಿನ ಓದುಗರು, ಊರು ಬಾಗಲಕೋಟೆ ಜಿಲ್ಲೆ

ಉತ್ತರ: ನಗುವವರ ಪ್ಯಾಂಟನ್ನು ಹೊಲಿದ ದರ್ಜಿ ಬಹುಶಃ ಗಂಡಸೇ ಇರಬೇಕು. ಜೋಗಿಗಳೂ ಸನ್ಯಾಸಿಗಳೂ ಹೊದೆಯುತ್ತಿದ್ದ ತೇಪೆಬಟ್ಟೆಗೆ ಕನ್ನಡದಲ್ಲಿ ‘ಕಂಥೆ’ ಎಂಬ ಹೆಸರೇ ಇದೆ, ಬಂಗಾಳದ ‘ಕಾಂಥಾ’ ಕೂಡ ಅದೇ ಶಬ್ದ. ಈ ಮಾತನ್ನು ಇಲ್ಲಿಗೆ ಬಿಡೋಣ.

ಕತ್ತರಿಯ ಮಾತು ಹಾಗಲ್ಲ. ಅದರಲ್ಲಿ ನಿಮ್ಮ ತಾಯಿಯವರ ಒಪ್ಪಿಗೆ ಮುಖ್ಯ, ಏಕೆಂದರೆ ನಿಮಗೆ ಅಜ್ಜಿಯಾದವರು ಅವರಿಗೆ ತಾಯಿಯೋ ಅತ್ತೆಯೋ ಆಗಿದ್ದವರು. ಎಂಟೂ ಸೀರೆಗಳನ್ನು ಹೊರತೆಗೆದು ಅವರ ಮುಂದೆ ಹರಡಿ, ತಮಗೆ ಬೇಕಾದವನ್ನು ಅವರೇ ಮೊದಲು ಆರಿಸಿಕೊಳ್ಳಲಿ. ಹಬ್ಬದ ಸೀರೆಯನ್ನು ಅವರು ಎತ್ತಿಟ್ಟುಕೊಂಡಾರು. ದಿನವೂ ಉಟ್ಟು ಸವೆದು ಮೆತ್ತಗಾದ ಸೀರೆಗಳು ನಿಮಗೆ ಉಳಿದಾವು, ಕೌದಿಗೆ ಬೇಕಾದವೂ ಅವೇ. ನಿಮ್ಮ ಸೀಮೆಯಲ್ಲಿ ಕೌದಿಗಳು ಹುಟ್ಟಿಕೊಂಡದ್ದೇ ಹೀಗೆ: ಅಡಿಯಲ್ಲಿ ಅಜ್ಜಿಯ ಸೀರೆ, ಒಳಗೆ ಅಜ್ಜನ ಧೋತರ, ಮೇಲೆ ಮೊಮ್ಮಕ್ಕಳ ಅಂಗಿಯ ಚಿಂದಿ, ನಡುವೆ ಎಲ್ಲೋ ಒಂದು ಖಣದ ತುಂಡು. ಉಟ್ಟವರು ಇಲ್ಲವಾದ ಮೇಲೂ ಅವರ ಬಟ್ಟೆಯನ್ನು ಹೊದ್ದು ಮಲಗುವುದು ಅಲ್ಲಿಯ ಮನೆಗಳಲ್ಲಿ ಸಹಜವಾಗಿದ್ದ ಸಂಗತಿ. ಟ್ರಂಕಿನಲ್ಲಿಟ್ಟ ಹತ್ತಿ ಸೀರೆ ಮಡಿಕೆಯ ಗೆರೆಗಳಲ್ಲೇ ಸೀಳುತ್ತ ಹೋಗುತ್ತದೆ ಎಂಬುದನ್ನೂ ತಾಯಿಯವರಿಗೆ ಮೆಲ್ಲಗೆ ಹೇಳಿ ನೋಡಿ.

ಒಪ್ಪಿಗೆ ದೊರೆತ ಬಳಿಕ ಸೀರೆಯ ಗಟ್ಟಿತನವನ್ನು ಪರೀಕ್ಷಿಸಬೇಕು. ಎರಡು ಹೆಬ್ಬೆರಳುಗಳ ನಡುವೆ ಬಟ್ಟೆಯನ್ನು ಹಿಡಿದು ಹದವಾಗಿ ಜಗ್ಗಿ. ತಡೆದರೆ ಅದು ಮೇಲಕ್ಕೋ ಕೆಳಕ್ಕೋ ಬರುತ್ತದೆ. ‘ಪರ್’ ಎಂದರೆ ಒಳಪದರಕ್ಕೆ ಮಾತ್ರ. ಕೂರುವ ಮತ್ತು ಮೊಣಕಾಲಿನ ಭಾಗಗಳು ಮೊದಲು ಸವೆದಿರುತ್ತವೆ, ನೆರಿಗೆಯ ಒಳಭಾಗ ಗಟ್ಟಿಯಾಗಿಯೇ ಇರುತ್ತದೆ. ಇಳಕಲ್ಲ ಸೀರೆಗಳಿದ್ದರೆ ಸೆರಗನ್ನು ಬೇರೆ ಮಾಡಿಕೊಳ್ಳಿ. ಅವುಗಳ ಹತ್ತಿಯ ಮೈಗೆ ರೇಷ್ಮೆಯ ಅಥವಾ ಕೃತಕ ರೇಷ್ಮೆಯ ಸೆರಗಿನ ಎಳೆಗಳನ್ನು ಮಗ್ಗದ ಮೇಲೆಯೇ ಕೊಂಡಿ ಹಾಕಿ ಜೋಡಿಸಿರುವುದರಿಂದ ಎರಡೂ ಒಂದೇ ರೀತಿ ಒಗೆತ ತಾಳುವುದಿಲ್ಲ. ಮೈಯನ್ನು ಪದರಗಳಿಗೆ ಬಳಸಿ, ಸೆರಗಿನ ಒಂದು ತುಂಡನ್ನು ನಟ್ಟನಡುವೆ ತೇಪೆಯಾಗಿ ಕೂಡಿಸಿದರೆ ಅಜ್ಜಿಯ ಗುರುತು ಎದ್ದು ಕಾಣುತ್ತದೆ. ದಡಿಯನ್ನು ಪಟ್ಟಿಯಾಗಿ ಕತ್ತರಿಸಿ ಕೌದಿಯ ನಾಲ್ಕೂ ಅಂಚಿಗೆ ಕೊಟ್ಟರೆ ಬಾಳಿಕೆಯೂ ಹೆಚ್ಚು. ಜರಿ ಮಾತ್ರ ಬೇಡ, ಅದು ಮೈಗೆ ಚುಚ್ಚುತ್ತದೆ, ಸೂಜಿಗೂ ಸಿಕ್ಕಿಕೊಳ್ಳುತ್ತದೆ.

ಸ್ಥಳದ ಚಿಂತೆ ಒಂದು ಗಂಟೆಯ ಚಿಂತೆಯಷ್ಟೆ. ಪದರಗಳನ್ನು ಹಾಸಿ, ಅವು ಸರಿಯದಂತೆ ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚಿ ತೆಗೆಯುವ ಉದ್ದುದ್ದ ಹೊಲಿಗೆ) ಹಾಕಿಕೊಳ್ಳುವಷ್ಟು ಹೊತ್ತು ನೆಲ ಖಾಲಿಯಿರಬೇಕು. ಆಮೇಲೆ ಅದನ್ನು ಚಾಪೆಯಂತೆ ಸುರುಳಿ ಸುತ್ತಿಟ್ಟು, ಹೊಲಿಯುವಷ್ಟು ಭಾಗವನ್ನು ಮಾತ್ರ ಬಿಚ್ಚಿಕೊಂಡು ಮಂಚದ ಮೇಲೆ ಕುಳಿತೇ ಮುಂದುವರಿಯಬಹುದು.

ಪ್ರಶ್ನೆ: ಎರಡು ತಿಂಗಳು ಕುಳಿತು ಕೌದಿ ಹೊಲಿದೆ. ಅಂಚಿನಿಂದ ಸುತ್ತು ಹಾಕುತ್ತ ಬಂದು ನಡುವನ್ನು ಮುಟ್ಟುವ ಹೊತ್ತಿಗೆ ಹೊಟ್ಟೆ ಉಬ್ಬಿದ ಹಾಗೆ ಬಟ್ಟೆ ಎದ್ದು ನಿಂತಿದೆ. ಹಿಂಬದಿಯಲ್ಲಂತೂ ಅಲ್ಲಲ್ಲಿ ಮುದುರಿ ಮಡಿಕೆಗಳಾಗಿವೆ. ಎಲ್ಲವನ್ನೂ ಬಿಚ್ಚಬೇಕೇ? — ಗದಗದ ಓದುಗರು

ಉತ್ತರ: ಎಲ್ಲವನ್ನೂ ಬಿಚ್ಚುವ ಅಗತ್ಯವಿಲ್ಲ. ನಡುವಿನ ಮೂರೋ ನಾಲ್ಕೋ ಸುತ್ತುಗಳನ್ನು ಮಾತ್ರ ಬಿಚ್ಚಿ, ಉಬ್ಬಿದ ಬಟ್ಟೆಯನ್ನು ಅಂಗೈಯಿಂದ ಒಂದು ಕಡೆಗೆ ಸವರಿ, ಉಳಿದ ಸಡಿಲವನ್ನು ಚಪ್ಪಟೆಯಾದ ಒಂದು ನೆರಿಗೆಯಾಗಿ ಹಿಡಿದು ಕಚ್ಚಾ ಹೊಲಿಗೆ ಹಾಕಿ, ಅದರ ಮೇಲೆ ನಿಮಗೆ ಇಷ್ಟವಾದ ಬಣ್ಣದ ತೇಪೆಯನ್ನು ಕೂಡಿಸಿ ಮತ್ತೆ ಸುತ್ತು ಹಾಕಿ. ತಪ್ಪಿದ ಜಾಗದಲ್ಲೇ ಅಲಂಕಾರ ಬಂದು ಕುಳಿತುಕೊಳ್ಳುತ್ತದೆ. ಕೌದಿಯಲ್ಲಿ ಇದನ್ನು ಯಾರೂ ಮೋಸವೆಂದು ಎಣಿಸುವುದಿಲ್ಲ. ಹಳೆಯ ಕೌದಿಗಳ ನಡುವಿನ ದೊಡ್ಡ ಚೌಕಗಳನ್ನು ಕಂಡಾಗಲೆಲ್ಲ ಅವುಗಳಲ್ಲಿ ಎಷ್ಟರ ಅಡಿಯಲ್ಲಿ ಇಂಥ ನೆರಿಗೆ ಅಡಗಿದೆಯೋ ಎಂಬ ಅನುಮಾನ ನನಗೆ ಬರುತ್ತದೆ.

ಮುಂದಿನ ಸಲ ಹೀಗಾಗದಿರಬೇಕಾದರೆ ಕಾರಣವನ್ನು ತಿಳಿದಿರಬೇಕು. ಅಂಚಿನಿಂದ ಒಳಕ್ಕೆ ಹೊಲಿಯುವಾಗ ಪ್ರತಿ ಸುತ್ತಿನಲ್ಲೂ ಮೇಲಿನ ಬಟ್ಟೆ ಕೂದಲೆಳೆಯಷ್ಟು ಮುಂದಕ್ಕೆ ಸರಿಯುತ್ತದೆ. ಸರಿದದ್ದೆಲ್ಲವೂ ಹೋಗಿ ಸೇರಲು ನಡುವಿನ ಹೊರತು ಬೇರೆ ಜಾಗವಿಲ್ಲ. ಆದ್ದರಿಂದ ಹೊಲಿಗೆಗೆ ಮೊದಲು ಕೆಳಗಿನ ಬಟ್ಟೆಯನ್ನು ನೆಲದ ಮೇಲೆ ಬಿಗಿಯಾಗಿ ಹಾಸಿ, ನಾಲ್ಕು ಮೂಲೆಗಳಿಗೆ ನೀರು ತುಂಬಿದ ತಂಬಿಗೆಗಳನ್ನೋ ಕಲ್ಲುಗಳನ್ನೋ ಹೇರಿ. ಪ್ರತಿ ಪದರದ ಉದ್ದದ ಎಳೆ ಒಂದೇ ದಿಕ್ಕಿಗೆ ಇರಲಿ. ಒಂದನ್ನು ಉದ್ದಕ್ಕೂ ಇನ್ನೊಂದನ್ನು ಓರೆಗೂ ಹಾಸಿದರೆ ಓರೆಯದು ಹಿಗ್ಗಿಯೇ ಹಿಗ್ಗುತ್ತದೆ. ಬಳಿಕ ನಡುವಿನಿಂದ ಹೊರಕ್ಕೆ, ಗೇಣಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗೆ ಹಾಕಿ. ಅವಸರದವರು ಬಿಟ್ಟುಬಿಡುವುದು ಈ ಹಂತವನ್ನೇ. ನಿಮ್ಮ ಪತ್ರದಲ್ಲಿಯೂ ಕಚ್ಚಾ ಹೊಲಿಗೆಯ ಮಾತು ಬಂದಿಲ್ಲ!

ಹಿಂಬದಿಯ ಮಡಿಕೆಗಳಿಗೆ ಕಾರಣ ಬೇರೆಯೇ ಇದೆ. ಸೂಜಿಯನ್ನು ಮೇಲಿನಿಂದಲೇ ಓಡಿಸುತ್ತ ಕೆಳಗೆ ಕೈಯಿಡದವರಿಗೆ ಹೀಗಾಗುತ್ತದೆ. ಎಡಗೈ ಸದಾ ಕೌದಿಯ ಅಡಿಯಲ್ಲಿದ್ದು ಸೂಜಿಯ ಮೊನೆ ಬೆರಳಿಗೆ ತಾಗುತ್ತಿರಬೇಕು. ತಾಗಿತೆಂದರೆ ಎಲ್ಲ ಪದರಗಳನ್ನೂ ಹಾದಿದೆ ಎಂದರ್ಥ. ದಾರವನ್ನು ಎಳೆದು ಬಿಗಿ ಮಾಡುವ ಆಸೆಯನ್ನೂ ಬಿಡಬೇಕು. ಪ್ರತಿ ಸಾಲಿನ ಕೊನೆಗೆ ಹೊಲಿದ ಜಾಗವನ್ನು ಬೆರಳುಗಳಿಂದ ಹಿಂದಕ್ಕೆ ನೀವಿ, ದಾರ ತಾನಾಗಿ ಸಡಿಲಗೊಂಡು ಬಟ್ಟೆಯೊಂದಿಗೆ ಸಮನಾಗುತ್ತದೆ. ಇಂಚಿಗೆ ನಾಲ್ಕು ಹೊಲಿಗೆ ಬಂದರೆ ಧಾರಾಳವಾಯಿತು.

ಯಂತ್ರದಲ್ಲಿ ಹೊಲಿದರೆ ಈ ಕಷ್ಟವೇ ಇರದಲ್ಲವೇ ಎಂದು ಮೂವರು ಓದುಗರು ಕೇಳಿದ್ದಾರೆ. ಕಷ್ಟ ಹೆಚ್ಚುವ ಸಂಭವವೇ ಜಾಸ್ತಿ. ಮನೆಯ ಯಂತ್ರದ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಹಿಂದಕ್ಕೆ ಒಯ್ಯುತ್ತಿದ್ದರೆ, ಮೇಲಿನ ಪಾದ ಮೇಲ್ಬಟ್ಟೆಯನ್ನು ತಡೆದು ಹಿಡಿದಿರುತ್ತದೆ. ಪದರ ಹೆಚ್ಚಿದಷ್ಟೂ ಎರಡರ ನಡುವಿನ ಅಂತರ ಬೆಳೆಯುತ್ತದೆ. ಸೀರೆಯ ಎರಡು ತುಂಡುಗಳನ್ನು ಜೋಡಿಸಿ ಅಗಲ ಮಾಡಿಕೊಳ್ಳಲು, ಕೊನೆಯಲ್ಲಿ ಅಂಚಿನ ಪಟ್ಟಿ ಹಚ್ಚಲು ಯಂತ್ರ ಸಾಕು.

ಪ್ರಶ್ನೆ: ನಮ್ಮ ಊರಿನ ಹತ್ತಿರದ ಸಿದ್ದಿ ಮಹಿಳೆಯರು ಹೊಲಿಯುವ ‘ಕವಂಡ’ ನೋಡಿ ಮರುಳಾಗಿದ್ದೇನೆ. ಅದೂ ಕೌದಿಯೂ ಒಂದೆಯೇ? ಅದನ್ನು ನೋಡಿ ನಾನೂ ಹೊಲಿಯಬಹುದೇ? — ಯಲ್ಲಾಪುರದ ಓದುಗರು

ಉತ್ತರ: ಎರಡೂ ಅಕ್ಕತಂಗಿಯರು, ಆದರೆ ಮುಖ ಬೇರೆ ಬೇರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿಯರು ಆಫ್ರಿಕಾ ಮೂಲದವರು. ಅವರ ಮನೆಗಳಲ್ಲಿ ಕವಂಡದ ಅಗಲವನ್ನು ಎಷ್ಟು ಜನ ಅದರಡಿ ಮಲಗಬೇಕು ಎಂಬುದರಿಂದ ಅಳೆಯುತ್ತಾರೆ. ಅಡಿಗೊಂದು ಸೀರೆ ಹಾಸಿ, ಮೂಲೆಯಿಂದ ಆರಂಭಿಸಿ, ತುಂಡುಗಳನ್ನು ಕೈಗೆ ಬಂದ ಹಾಗೆ, ಆದರೆ ಕಣ್ಣಿನ ಲೆಕ್ಕ ತಪ್ಪದ ಹಾಗೆ ಇಡುತ್ತ, ಅಂಚಿನಿಂದ ಸುತ್ತುಸುತ್ತಾಗಿ ಒಳಕ್ಕೆ ಹೊಲಿಯುತ್ತಾರೆ. ಮೊದಲೇ ಬರೆದಿಟ್ಟ ನಕ್ಷೆಯೆಂಬುದಿಲ್ಲ. ನಾಲ್ಕು ಮೂಲೆಗಳಿಗೂ ಮಡಚಿದ ತ್ರಿಕೋನಾಕಾರದ ಬಟ್ಟೆಯ ಹೂ, ಅವರ ಮಾತಿನ ‘ಫುಲ’, ಇಡಲೇಬೇಕು. ಫುಲವಿಲ್ಲದ ಕವಂಡ ಬೆತ್ತಲೆಯೆಂದು ಹೇಳುವ ವಾಡಿಕೆಯಿದೆ. ಕ್ರೈಸ್ತ ಸಿದ್ದಿಯರ ಕವಂಡದಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರದರಲ್ಲಿ ಅರ್ಧಚಂದ್ರ ಕಾಣಿಸಿಕೊಳ್ಳುವುದೂ ಉಂಟು.

ನೋಡಿ ಕಲಿಯುವುದಕ್ಕೆ ಅಡ್ಡಿಯಿಲ್ಲ, ಹೊಲಿಗೆ ಎಲ್ಲ ಊರಿನಲ್ಲೂ ಹಾಗೆಯೇ ಹರಡಿದೆ. ಆದರೆ ಅದು ಪಕ್ಕದ ಊರಿನಲ್ಲೇ ಇರುವಾಗ ಚಿತ್ರ ನೋಡಿ ಕಲಿಯುವುದೇಕೆ? ಹೋಗಿ, ಒಂದು ಕವಂಡವನ್ನು ಕೇಳಿದ ಬೆಲೆಗೆ ಕೊಂಡು, ಹೊಲಿಯುವಾಗ ಪಕ್ಕದಲ್ಲಿ ಕುಳಿತುಕೊಳ್ಳಲು ಅನುಮತಿ ಕೇಳಿ. ಕಲಿಸಿದ ದಿನಗಳಿಗೆ ಕೂಲಿ ಕೊಡಿ. ನಿಮ್ಮದನ್ನು ಯಾರಿಗಾದರೂ ತೋರಿಸುವಾಗ ಕಲಿತದ್ದು ಯಾರಿಂದ ಎಂಬುದನ್ನು ಹೇಳಿ, ಅದನ್ನು ಕವಂಡವೆಂಬ ಹೆಸರಿನಲ್ಲಿ ಮಾರಬೇಡಿ.

ಪ್ರಶ್ನೆ: ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ, ಬಾಣಂತನಕ್ಕೆ ಹೊರಟಿದ್ದೇನೆ. ಕೂಸಿಗೊಂದು ಕೌದಿ ಒಯ್ಯಬೇಕೆಂದಿದ್ದೇನೆ. ಅಲ್ಲಿಯ ಚಳಿಗೆ ಸಾಲುತ್ತದೆಯೇ? ಒಗೆಯುವುದು ಹೇಗೆ? — ಧಾರವಾಡದ ಓದುಗರು

ಉತ್ತರ: ಚಳಿಯನ್ನು ತಡೆಯುವುದು ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಒತ್ತಾಗಿ ಹೊಲಿದ ಕೌದಿಯಲ್ಲಿ ಗಾಳಿ ಕಡಿಮೆ, ತೂಕ ಹೆಚ್ಚು. ಮನೆಯೊಳಗಿನ ಹೀಟರಿನ ಬಿಸಿಯಲ್ಲಿ ಅದು ಸಾಕಾಗುತ್ತದೆ, ಹೊರಗಿನ ಹಿಮಕ್ಕೆ ಸಾಲದು. ಅದಿರಲಿ, ವರ್ಷ ತುಂಬದ ಕೂಸು ಮಲಗಿರುವಾಗ ಸಡಿಲ ಹೊದಿಕೆ ಮುಖದ ಮೇಲೆ ಬೀಳುವ ಅಪಾಯವಿರುವುದರಿಂದ ಅಲ್ಲಿಯ ವೈದ್ಯರು ತೊಟ್ಟಿಲಿನಲ್ಲಿ ಇಂಥವನ್ನು ಇಡಬಾರದೆನ್ನುತ್ತಾರೆ. ಅವರ ಮಾತನ್ನು ಕೇಳಿ. ಹಗಲಲ್ಲಿ, ನೀವು ಪಕ್ಕದಲ್ಲಿರುವಾಗ, ನೆಲದ ಮೇಲೆ ಹಾಸಿ ಕೂಸನ್ನು ಬೋರಲು ಹಾಕಿ ಆಡಿಸಲು ಕೌದಿಯಷ್ಟು ಒಳ್ಳೆಯದು ಇನ್ನೊಂದಿಲ್ಲ.

ತೊಟ್ಟಿಲ ಕೌದಿಯನ್ನು ತಣ್ಣೀರಿನಲ್ಲಿ ಯಂತ್ರಕ್ಕೆ ಹಾಕಬಹುದು. ಡ್ರೈಯರಿನ ಬಿಸಿ ಮಾತ್ರ ಬೇಡ. ದೊಡ್ಡ ಕೌದಿ ನೀರು ಕುಡಿದರೆ ಒಬ್ಬರು ಎತ್ತಲಾರದಷ್ಟು ಭಾರವಾಗುತ್ತದೆ, ಆದ್ದರಿಂದಲೇ ನಮ್ಮಲ್ಲಿ ಅದನ್ನು ಬೇಸಗೆಯಲ್ಲಿ ಹಳ್ಳಕ್ಕೋ ಕೆರೆಗೋ ಒಯ್ದು ಇಬ್ಬರು ಮೂವರು ಸೇರಿ ಒಗೆಯುತ್ತಿದ್ದರು. ಊರಿನ ಮನೆಯಲ್ಲಾದರೆ ದೊಡ್ಡ ಟಬ್ಬಿನಲ್ಲಿ ನೆನೆಹಾಕಿ ಕಾಲಿನಿಂದ ತುಳಿದು, ಒಂದೇ ಹಗ್ಗಕ್ಕೆ ಜೋತುಬಿಡದೆ ಎರಡು ಹಗ್ಗಗಳ ಮೇಲೆ ಹರಡಿ ಒಣಗಿಸಿ. ಕೂಸಿನ ಬಟ್ಟೆಯ ಜೊತೆ ನುಸಿಗುಳಿಗೆ ಇಡಬೇಡಿ. ಕೆಲವು ನವಜಾತ ಶಿಶುಗಳಿಗೆ ಅದರ ಆವಿಯಿಂದ ರಕ್ತಕಣಗಳು ಒಡೆದು ಕಾಮಾಲೆಯಾಗುವ ಅಪಾಯವಿದೆ. ಒಣಗಿದ ಬೇವಿನ ಎಲೆ ಸಾಕು.

ಪ್ರಶ್ನೆ: ಹೊಲಿದದ್ದನ್ನು ಮಾರುವುದಾದರೆ ಎಷ್ಟು ಬೆಲೆ ಹೇಳಬೇಕು? — ತುಮಕೂರಿನ ಓದುಗರು

ಉತ್ತರ: ಮೊದಲ ಮೂರನ್ನು ಮಾರಬೇಡಿ. ನಾಲ್ಕನೆಯದಕ್ಕೆ ಕುಳಿತ ಗಂಟೆಗಳನ್ನು ಬರೆದಿಟ್ಟುಕೊಂಡು, ನಿಮ್ಮ ಊರಿನ ಹೊಲಿಗೆಯ ಕೂಲಿಯಿಂದ ಗುಣಿಸಿ. ಬರುವ ಮೊತ್ತವನ್ನು ಕೇಳಿ ನೀವೇ ಬೆಚ್ಚುತ್ತೀರಿ. ಅದಕ್ಕಿಂತ ಕಡಿಮೆ ಹೇಳಿದರೆ ಹೊಟ್ಟೆಪಾಡಿಗಾಗಿ ಮನೆಮನೆಗೆ ಬಂದು ಕೌದಿ ಹೊಲಿದು ಕೊಡುವ ಹೆಂಗಸರ ಕೂಲಿಯನ್ನು ನಿಮ್ಮ ಹವ್ಯಾಸ ಇಳಿಸಿದಂತಾಗುತ್ತದೆ.

ಪ್ರಶ್ನೆ: ಕೌದಿ ಮುಗಿಸುವಾಗ ಕೊನೆಯ ಮೂಲೆಯೊಳಗೆ ಹೋಳಿಗೆಯ ಚೂರು ಇಡಬೇಕೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ಹೌದೇ? — ವಿಜಯಪುರದ ಓದುಗರು

ಉತ್ತರ: ಕೆಲವು ಮನೆಗಳಲ್ಲಿ ಆ ಪದ್ಧತಿಯಿದೆ. ಕೌದಿಯ ಹೊಟ್ಟೆ ಖಾಲಿಯಿರಬಾರದು, ಹೊದ್ದವರಿಗೂ ಹಸಿವು ಬರಬಾರದು ಎಂಬ ಭಾವನೆ. ನಮ್ಮ ಅಜ್ಜಿಯೂ ಒಂದು ಸಲ ಹೋಳಿಗೆಯ ಚೂರನ್ನೇ ಇಟ್ಟು ಹೊಲಿದಿದ್ದರು. ಮೂರನೆಯ ದಿನ ಆ ಮೂಲೆಗೆ ಇರುವೆಗಳ ಸಾಲು ಹತ್ತಿ, ಅಷ್ಟೂ ಹೊಲಿಗೆಯನ್ನು ಬಿಚ್ಚಿ ಕೊಡವಬೇಕಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಅರಿಶಿನ ಹಚ್ಚಿ ಒಣಗಿಸಿದ ಐದು ಅಕ್ಕಿಕಾಳು ಇಡುತ್ತೇವೆ. ನಿಮ್ಮ ಅತ್ತೆಯವರು ಅದಕ್ಕೆ ಒಪ್ಪದಿದ್ದರೆ ಹೋಳಿಗೆಯನ್ನು ಕೌದಿಗೆ ಮುಟ್ಟಿಸಿ, ಹೊಲಿದವರೇ ತಿಂದುಬಿಡಬಹುದು.